ಬಿರುದಿನ ಬಾಡಿಗೆ

ಮೊನ್ನೆ ಸರಸ್ವತಿಪುರದ ನಮ್ಮ ಮನೆಗೆ ದಪ್ಪನೆಯ ಲಕೋಟೆಯೊಂದು ಬಂದಿತು. ಕನ್ನಡಕ್ಕೆ ನಾನು ಸಲ್ಲಿಸಿರುವ ಅನುಪಮ ಸೇವೆಯನ್ನು ಗುರುತಿಸಿ ದೂರದ ಊರಿನ ಸಂಸ್ಥೆಯೊಂದು ನನಗೆ ಬಿರುದನ್ನು ದಯಪಾಲಿಸಲು ನಿಶ್ಚಯಿಸಿತ್ತು. ನನ್ನ ಸೇವೆಯೆಂದರೆ ಇಪ್ಪತ್ತು ವರ್ಷಗಳಿಂದ ಹಳಗನ್ನಡದ ಪಾಠ ಹೇಳಿರುವುದು, ಯಾರೂ ಕೊಳ್ಳದ ವಿಮರ್ಶಾಗ್ರಂಥವೊಂದನ್ನು ಅಚ್ಚುಹಾಕಿಸಿರುವುದು, ಇಷ್ಟೆ. ಆದರೂ ಮನಸ್ಸು ಹಿಗ್ಗಿತು. ಹಾಳೆಯನ್ನು ಮಗುಚಿದಾಗ ಮಾತ್ರ ಹಿಗ್ಗು ಕುಗ್ಗಿತು. ಶಾಲು, ಪೇಟ, ಫಲಕ ಮತ್ತು ನೋಂದಣಿಯ ವೆಚ್ಚಕ್ಕೆಂದು ಐದು ಸಾವಿರ ರೂಪಾಯಿಗಳನ್ನು ಮುಂಗಡವಾಗಿ ಕಳುಹಿಸಬೇಕಂತೆ. ನನ್ನ ಮನೆಯಾಕೆ ಪತ್ರವನ್ನು ಓದಿ, “ದುಡ್ಡು ನಮ್ಮದೇ ಆದರೆ ದೇವರಾಜ ಅರಸು ರಸ್ತೆಯಲ್ಲಿ ಇದಕ್ಕಿಂತ ಒಳ್ಳೆಯ ಶಾಲು ಸಿಕ್ಕುತ್ತದೆ” ಎಂದಳು.

ಅಂದು ಸಂಜೆಯೇ ನನ್ನ ವಿದ್ಯಾರ್ಥಿಯೊಬ್ಬ ಬಂದ. ಹಗಲು ಕಾಲೇಜಿನಲ್ಲಿ ರನ್ನನನ್ನು ಓದುತ್ತಾನೆ. ಬೆಳಗಿನ ಜಾವ ಹಳೆಯ ಮೈಸೂರಿನ ಗರಡಿಯೊಂದರಲ್ಲಿ ಮಟ್ಟಿಯ ಮೇಲೆ ಸಾಮು ಮಾಡುತ್ತಾನೆ. ಲಕೋಟೆಯ ಕಥೆಯನ್ನು ಕೇಳಿ ನಕ್ಕು, “ನಿಮ್ಮ ಹಾಗೆಯೇ ಅಮೆರಿಕದಲ್ಲೊಬ್ಬನಿಗೆ ಆಗಿದೆ ಸಾರ್” ಎಂದ.

ಆತ ಹೇಳಿದ ಸಂಗತಿ ಇದು. ಟೆರೆನ್ಸ್ ಕ್ರಾಫರ್ಡ್ ಎಂಬ ಮುಷ್ಟಿಯೋಧ 2025ರ ಸೆಪ್ಟೆಂಬರಿನಲ್ಲಿ ಲಾಸ್ ವೇಗಸ್ ನಗರದಲ್ಲಿ ಕನೆಲೊ ಆಲ್ವಾರೆಜ್‌ನನ್ನು ಸೋಲಿಸಿ, ಸೂಪರ್ ಮಿಡಲ್‌ವೇಟ್ ವರ್ಗದ ಎಲ್ಲ ಪಟ್ಟಗಳನ್ನೂ ಗೆದ್ದ. ಡಿಸೆಂಬರಿನಲ್ಲಿ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ತನ್ನ ಪಟ್ಟವನ್ನು ಆತನಿಂದ ಹಿಂತೆಗೆದುಕೊಂಡಿತು. ಆತ ಸೋತಿರಲಿಲ್ಲ, ಸಂಸ್ಥೆಗೆ ಸಲ್ಲಬೇಕಾದ ಶುಲ್ಕವನ್ನು ಕಟ್ಟಿರಲಿಲ್ಲ. ಪಟ್ಟಕ್ಕಾಗಿ ಹೋರಾಡುವವನು ತನ್ನ ಸಂಭಾವನೆಯಲ್ಲಿ ನೂರಕ್ಕೆ ಮೂರರಷ್ಟನ್ನು ಪಟ್ಟ ಕೊಡುವ ಸಂಸ್ಥೆಗೆ ಒಪ್ಪಿಸುವುದು ಅಲ್ಲಿಯ ವಾಡಿಕೆ. ಈತನಿಗೆ ಅದನ್ನು ಶೇಕಡ 0.6ಕ್ಕೆ ಇಳಿಸಿದ್ದೆವೆಂದೂ, ಅದರಲ್ಲಿ ಹೆಚ್ಚಿನ ಪಾಲು ಕಷ್ಟದಲ್ಲಿರುವ ಮುಷ್ಟಿಯೋಧರ ನಿಧಿಗೆ ಸೇರುತ್ತಿತ್ತೆಂದೂ ಸಂಸ್ಥೆ ಹೇಳಿತು. ಕ್ರಾಫರ್ಡ್ ಮಣಿಯಲಿಲ್ಲ.

“ಅನ್ಯಾಯ!” ಎಂದೆ ನಾನು, ನನ್ನ ಲಕೋಟೆಯ ಸಿಟ್ಟಿನಲ್ಲಿ.

“ನೀವು ಎಂ.ಎ. ಪದವಿ ತಗೊಳ್ಳುವಾಗ ಫೀಜು ಕಟ್ಟಲಿಲ್ಲವಾ ಸಾರ್?” ಎಂದ ಹುಡುಗ.

ನಾನು ನಿರುತ್ತರನಾದೆ. ನಿಜ, ಪರೀಕ್ಷೆಯ ಶುಲ್ಕವನ್ನು ಕಟ್ಟಿದ್ದೆ, ಘಟಿಕೋತ್ಸವದ ಶುಲ್ಕವನ್ನೂ ಕಟ್ಟಿದ್ದೆ. ಹಾಗಾದರೆ ನನ್ನ ಪದವಿಯೂ ಕೊಂಡದ್ದೆ? ಮರುದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತ ಈ ಪ್ರಶ್ನೆಯನ್ನೇ ಮೆಲುಕುಹಾಕಿದೆ.

ಪಟ್ಟ ಕೊಡುವುದಕ್ಕೂ ಖರ್ಚಿದೆ ಎಂಬುದನ್ನು ಮೊದಲು ಒಪ್ಪಬೇಕು. ತೀರ್ಪುಗಾರರು ಬೇಕು, ಲೆಕ್ಕವಿಡುವವರು ಬೇಕು, ಯಾರು ಯಾರೊಡನೆ ಸೆಣಸಲು ಅರ್ಹರೆಂದು ವರ್ಷವಿಡೀ ಗಮನಿಸುವವರು ಬೇಕು. ಬಿಟ್ಟಿಯಾಗಿ ಬಂದ ಬಿರುದು ಶುದ್ಧವೆಂದೂ ಹೇಳುವಂತಿಲ್ಲ. 1922ರಲ್ಲಿ ಹುಟ್ಟಿದ ‘ದಿ ರಿಂಗ್’ ಪತ್ರಿಕೆ ತಾನು ಕೊಡುವ ಪಟ್ಟಿಗೆ ಶುಲ್ಕ ಪಡೆಯುವುದಿಲ್ಲ. ಆದರೆ 2024ರಲ್ಲಿ ಅದನ್ನು ಕೊಂಡ ಸೌದಿ ಅರೇಬಿಯದ ತುರ್ಕಿ ಆಲಶೇಖ್ ಅವರೇ ಇಂದಿನ ದೊಡ್ಡ ದೊಡ್ಡ ಕಾಳಗಗಳನ್ನು ಏರ್ಪಡಿಸುವವರಲ್ಲಿ ಒಬ್ಬರು.

ನಮ್ಮ ಕವಿಗಳ ಮಾತನ್ನೇ ನೋಡೋಣ. ಅರಿಕೇಸರಿ ಪಂಪನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಮುದುವೊಳಲಿನ ಬಳೆಗಾರರ ಮನೆಯ ರನ್ನನಿಗೆ ತೈಲಪನಿಂದ ಕವಿಚಕ್ರವರ್ತಿ ಎಂಬ ಬಿರುದು ಬಂದಿತು. ನೋಂದಣಿ ಶುಲ್ಕವೆಂದಿದ್ದರೆ ಬಳೆಗಾರನ ಮಗ ಏನನ್ನು ತಾನೆ ಕೊಡಬಹುದಾಗಿತ್ತು? ಹೀಗೆಂದು ನಾವು ಹೆಮ್ಮೆಪಡುವುದುಂಟು. ಆದರೆ ಪಂಪನ ಅರ್ಜುನ ಅರಿಕೇಸರಿಯೂ ಹೌದು, ರನ್ನನ ಭೀಮ ಸತ್ಯಾಶ್ರಯನೂ ಹೌದು. ಹೊನ್ನಿನಲ್ಲಿ ಸಲ್ಲದ ಶುಲ್ಕ ಪದ್ಯದಲ್ಲಿ ಸಂದಿತು.

ಆದ್ದರಿಂದ ಬಿರುದಿಗೆ ಬೆಲೆಯುಂಟೋ ಇಲ್ಲವೋ ಎಂಬುದು ಸರಿಯಾದ ಪ್ರಶ್ನೆಯಲ್ಲ. ಆ ಬೆಲೆ ತೀರ್ಪನ್ನು ಕೆಡಿಸುತ್ತದೆಯೇ ಎಂಬುದು ಪ್ರಶ್ನೆ. ನಾನು ಕಟ್ಟಿದ ಪರೀಕ್ಷಾಶುಲ್ಕವನ್ನು ನನ್ನ ಪಕ್ಕದಲ್ಲಿ ಕುಳಿತು ನಪಾಸಾದವನೂ ಕಟ್ಟಿದ್ದ. ಮೊತ್ತ ಮೊದಲೇ ಗೊತ್ತಿತ್ತು, ಎಲ್ಲರಿಗೂ ಒಂದೇ ಆಗಿತ್ತು. ನನ್ನ ಸಂಬಳದಲ್ಲಿ ನೂರಕ್ಕೆ ಮೂರನ್ನು ವಿಶ್ವವಿದ್ಯಾನಿಲಯ ಬೇಡುವುದಿಲ್ಲ. ಹಾಗೆ ಬೇಡುವಂತಿದ್ದರೆ, ಹೆಚ್ಚು ಸಂಬಳ ಗಳಿಸಬಲ್ಲವನನ್ನೇ ತೇರ್ಗಡೆ ಮಾಡುವ ಆಸೆ ಅದಕ್ಕೂ ಹುಟ್ಟುತ್ತಿತ್ತು.

ಮುಷ್ಟಿಕಾಳಗದ ಲೋಕದಲ್ಲಿ ಆ ಆಸೆಗೆ ಬೇಕಾದಷ್ಟು ಎಡೆಯಿದೆ. 1921ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಸಂಸ್ಥೆ 1962ರಲ್ಲಿ ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಎನಿಸಿತು. 1963ರಲ್ಲಿ ಕೌನ್ಸಿಲ್, 1983ರಲ್ಲಿ ಫೆಡರೇಷನ್, 1988ರಲ್ಲಿ ಆರ್ಗನೈಸೇಷನ್ ಹುಟ್ಟಿದುವು. ನಾಲ್ಕು ಸಂಸ್ಥೆಗಳು, ಹದಿನೇಳು ತೂಕಗಳು. ಏಕಕಾಲದಲ್ಲಿ ಅರವತ್ತಕ್ಕೂ ಮೀರಿ ಜಗದ್ವಿಜೇತರು ಇರಬಹುದು! ಪಟ್ಟವೊಂದು ಹೆಚ್ಚಿದರೆ ಶುಲ್ಕವೊಂದು ಹೆಚ್ಚುತ್ತದೆ. ಆಟಗಾರರ ಶ್ರೇಯಾಂಕವನ್ನು ಬರೆಯುವ ಕೈಯೇ ಹಣವನ್ನೂ ಎಣಿಸುತ್ತದೆ. ಶ್ರೇಯಾಂಕಕ್ಕಾಗಿ ಲಂಚ ಪಡೆದರೆಂದು 1999ರಲ್ಲಿ ಫೆಡರೇಷನ್ನಿನ ಅಧ್ಯಕ್ಷರ ಮೇಲೆ ಮೊಕದ್ದಮೆ ದಾಖಲಾಯಿತು. 2000ದಲ್ಲಿ ಲಂಚದ ಆರೋಪಗಳಿಂದ ಬಿಡುಗಡೆಯಾದರೂ ತೆರಿಗೆ ತಪ್ಪಿಸಿದ ಅಪರಾಧ ಅವರ ಮೇಲೆ ರುಜುವಾತಾಯಿತು.

ಇತ್ತ ನಮ್ಮ ದಸರೆಯ ಕಡೆ ನೋಡಿ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳು ತಲೆ ಬೋಳಿಸಿಕೊಂಡು ಬರುತ್ತಾರೆ. ರಕ್ತದ ಮೊದಲ ಹನಿ ಕಂಡೊಡನೆ ಕಾಳಗ ಮುಗಿಯುತ್ತದೆ. ದೊಡ್ಡಕೆರೆ ಮೈದಾನದ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ಯಾರಿಗೆ ಯಾರು ಸಮಜೋಡಿ ಎಂಬುದನ್ನು ಪೈಲ್ವಾನರನ್ನು ಎದುರಿಗೆ ನಿಲ್ಲಿಸಿಯೇ ಗೊತ್ತುಮಾಡುತ್ತಾರೆ. ದಸರಾ ಕಂಠೀರವ, ದಸರಾ ಕೇಸರಿ ಮೊದಲಾದ ಬಿರುದುಗಳನ್ನು ಗೆದ್ದವನಿಗೆ ಗದೆಯನ್ನೂ ಹಣವನ್ನೂ ಕೊಡುತ್ತಾರೆ, ಅವನಿಂದ ಕೀಳುವುದಿಲ್ಲ. ‘ಕಂಠೀರವ’ ಎಂದಾಗ ಮೈಸೂರಿಗರಿಗೆ ನೆನಪಾಗುವುದು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು. ಅವರು ಮಾರುವೇಷದಲ್ಲಿ ತಿರುಚಿರಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದು, ಬಹುಮಾನಕ್ಕೂ ಕಾಯದೆ ರಾತ್ರಿಯೇ ಹಿಂತಿರುಗಿದರೆಂದು ಪ್ರತೀತಿ.

ಆದರೆ ಅರಸನಿಗೆ ಬಹುಮಾನ ಬೇಡವಾದೀತು, ಮುಪ್ಪಿನ ಪೈಲ್ವಾನನಿಗೆ ಅನ್ನ ಬೇಡವಾದೀತೆ? ಕುಸ್ತಿಯೂ ಮುಷ್ಟಿಕಾಳಗವೂ ಮೈಯನ್ನು ತಿನ್ನುವ ವಿದ್ಯೆಗಳು. ‘ಮಾನಸೋಲ್ಲಾಸ’ದಲ್ಲಿ ಚಾಲುಕ್ಯ ಸೋಮೇಶ್ವರ ಮಲ್ಲರ ಪೋಷಣೆಯ ವಿಷಯಕ್ಕೂ ಸ್ಥಳ ಕೊಟ್ಟ. ಈಗ ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನವುಂಟು. ಇಂಥ ನಿಧಿಗೆ ಕೋಟಿಗಳನ್ನು ಗಳಿಸಿದವನು ಕೈನೀಡಬೇಕೆನ್ನುವುದು ಧರ್ಮವೇ. ಈ ಒಂದು ಮಾತಿನಲ್ಲಿ ನಾನು ಕ್ರಾಫರ್ಡ್‌ನ ಪಕ್ಷದವನಲ್ಲ. ಆದರೆ ಆ ಹಣ ಬೇರೆಯ ಕೈಗೆ, ಬೇರೆಯ ಲೆಕ್ಕಕ್ಕೆ ಹೋಗಬೇಕು. ತೀರ್ಪಿನ ಖರ್ಚನ್ನು ಟಿಕೆಟು ಮಾರಿ ಲಾಭ ಪಡೆಯುವ ಏರ್ಪಾಟುದಾರ ಕೊಡಲಿ. ಗೆಲ್ಲುವವನು ಯಾರೇ ಆಗಲಿ ಮೊತ್ತ ಒಂದೇ ಇರಲಿ. ಬಾಕಿ ಉಳಿದರೆ ಬಾಕಿಯಂತೆ ವಸೂಲು ಮಾಡಲಿ. ಅಂಕಣದಲ್ಲಿ ಗೆದ್ದದ್ದನ್ನು ಅಂಕಣದಲ್ಲಿಯೇ ಕಳೆದುಕೊಳ್ಳಬೇಕು, ಲೆಕ್ಕದ ಪುಸ್ತಕದಲ್ಲಿ ಅಲ್ಲ.

ನನ್ನ ಈ ಸಿದ್ಧಾಂತವನ್ನು ಮುಂದಿನ ವಾರ ಹುಡುಗನಿಗೆ ವಿಸ್ತಾರವಾಗಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ತಾತನ ವಿಷಯ ತೆಗೆದ. ತಾತನೂ ಪೈಲ್ವಾನರು, ಹರೆಯದಲ್ಲಿ ಬೆಳ್ಳಿಯ ಗದೆಯೊಂದನ್ನು ಗೆದ್ದಿದ್ದರು. ಮಗಳ ಮದುವೆಗೆ ಸಾಲ ಹುಟ್ಟದೆ ಅದನ್ನು ಒತ್ತೆಯಿಟ್ಟರು. ಬಿಡಿಸಿಕೊಳ್ಳಲಾಗಲಿಲ್ಲ. ಮನೆಯ ಗೋಡೆಯಲ್ಲಿ ಅದನ್ನು ತೂಗುಹಾಕುತ್ತಿದ್ದ ಮೊಳೆಗಳು ಮಾತ್ರ ಉಳಿದಿವೆ.

“ಗದೆ ಹೋಗಿ ನಲವತ್ತು ವರ್ಷ ಆಯ್ತು ಸಾರ್. ಈಗಲೂ ತಾತ ಬೀದಿಗೆ ಬಂದರೆ ‘ಬನ್ನಿ ಪೈಲ್ವಾನ್ರೇ’ ಅಂತ ಜಗಲಿ ಬಿಟ್ಟುಕೊಡ್ತಾರೆ.”

ಅವನು ಹೋದ ಮೇಲೆ ಮೇಜಿನ ಮೇಲಿದ್ದ ಲಕೋಟೆಯನ್ನು ತೆಗೆದುಕೊಂಡೆ. ಉತ್ತರ ಬರೆಯಬೇಕೆಂದಿದ್ದವನು ಬರೆಯಲಿಲ್ಲ. ಅದರ ಬೆನ್ನ ಮೇಲೆ ಮರುದಿನದ ‘ಗದಾಯುದ್ಧ’ದ ಪಾಠಕ್ಕೆ ಟಿಪ್ಪಣಿ ಮಾಡಿಕೊಂಡೆ.