ರಜೋನಿವೃತ್ತಿಯ ಕಾವೂ ಸೋಂಕಿನ ಜ್ವರವೂ

ಸ್ತ್ರೀಯರ ರಜಸ್ಸು 12ನೆಯ ವರ್ಷಕ್ಕೆ ಮೊದಲಾಗಿ 50ರಲ್ಲಿ ಕ್ಷಯಿಸುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಇಂದಿನ ವೈದ್ಯರ ಲೆಕ್ಕವೂ ಇದಕ್ಕೆ ಬಹುದೂರವಿಲ್ಲ. ಮುಟ್ಟು 12 ತಿಂಗಳು ಕಾಣದಿದ್ದರೆ ನಿಂತಿತೆಂದು ಎಣಿಸುತ್ತಾರೆ. ಆಗ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಗ್ರಂಥಿರಸ ಕುಗ್ಗುವುದು. ಈ ರಸವು ರೋಗನಿರೋಧಕ ಕಣಗಳ ಮೇಲೂ ಪ್ರಭಾವ ಬೀರತಕ್ಕುದಾದುದರಿಂದ, 2020ರಲ್ಲಿ ಕೋವಿಡ್ ಮಹಾಮಾರಿ ಹಬ್ಬಿದಾಗ ಮುಟ್ಟು ನಿಂತವರಿಗೆ ಅಪಾಯ ಹೆಚ್ಚೇ ಎಂಬ ಪ್ರಶ್ನೆ ಹುಟ್ಟಿತು. ವಯಸ್ಸು, ಮಧುಮೇಹ, ಹೃದ್ರೋಗಗಳ ಪಾಲು ಇದರಲ್ಲಿ ದೊಡ್ಡದು; ಮುಟ್ಟು ನಿಂತುದೊಂದನ್ನೇ ಬೇರ್ಪಡಿಸಿ ಕಾರಣವೆನ್ನುವುದು ಆತುರದ ಮಾತಾದೀತು.

ಗೊಂದಲಕ್ಕೆ ನಿಜವಾಗಿ ಎಡೆಯಿರುವುದು ಬೇರೊಂದೆಡೆ. ರಜೋನಿವೃತ್ತಿಯ ಕಾಲದಲ್ಲಿ ಮುಖ, ಕೊರಳು, ಎದೆಗಳಿಗೆ ಒಮ್ಮೆಲೇ ಕಾವು ಏರಿ ಬೆವರೊಡೆಯುವುದುಂಟು. ಇದು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಚರ್ಮ ಬಿಸಿಯಾದರೂ ಒಡಲೊಳಗಿನ ಉಷ್ಣತೆ ಜ್ವರದ ಮಟ್ಟಕ್ಕೇರದು. ಸೋಂಕಿನ ಜ್ವರವಾದರೋ ಬೇಗನೆ ಬಿಡುವುದಲ್ಲ, ಉಷ್ಣಮಾಪಕ 100.4 ಡಿಗ್ರಿ ಫ್ಯಾರನ್‌ಹೀಟನ್ನು ತೋರಿದರೆ ಅದು ಜ್ವರವೇ. ಅದನ್ನು ವಯಸ್ಸಿನ ಕಾವೆಂದು ಅಲಕ್ಷಿಸಿದವಳು ತನಗೂ ಮನೆಯ ವೃದ್ಧರಿಗೂ ಕೇಡು ತಂದಾಳು. ಬರಿಯ ಕಾವನ್ನು ಸೋಂಕೆಂದು ಬಗೆದವಳು ವೃಥಾ ನಿದ್ದೆಗೆಡುವಳು. ನಿದ್ರಾಭಂಗವಾದರೂ ದೇಹದ ರಕ್ಷಣೆಯನ್ನು ಕುಂದಿಸತಕ್ಕುದೇ. ಜ್ವರವಿಲ್ಲದೆಯೂ ಸೋಂಕು ಇರಬಹುದಾದುದರಿಂದ, ಕೆಮ್ಮು ಏಳುಬ್ಬಸಗಳು ಕಂಡರೆ ಪರೀಕ್ಷೆ ಮಾಡಿಸುವುದೇ ಸರಿ. ಮನೆಯ ಕಷಾಯ ಗಂಟಲಿಗೆ ಹಿತವಾದೀತು, ಲಸಿಕೆಯ ಕೆಲಸವನ್ನು ಮಾಡದು.