ಆಟಕ್ಕೆ ತಕ್ಕ ಬ್ಯಾಟ್: ಟೇಬಲ್ ಟೆನಿಸ್ ಬ್ಲೇಡ್, ರಬ್ಬರ್ ಆಯ್ಕೆ ಹೇಗೆ?

ಮಳೆಗಾಲ ಕಾಲಿಟ್ಟಿತೆಂದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮೈದಾನದ ಆಟಗಳಿಗೆ ಬಿಡುವು. ಹೊಸನಗರ ತಾಲ್ಲೂಕಿನ ಹುಲಿಕಲ್, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಇವೆರಡೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿನಲ್ಲಿವೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಟವೇನಿದ್ದರೂ ಸೂರಿನ ಕೆಳಗೆ. ಇಂತಹ ಊರುಗಳಿಗೆ ಹೇಳಿ ಮಾಡಿಸಿದ ಕ್ರೀಡೆ ಟೇಬಲ್ ಟೆನಿಸ್.

ಮಕ್ಕಳನ್ನು ಆಟಕ್ಕೆ ಸೇರಿಸುವ ಪೋಷಕರಾಗಲಿ, ಕಚೇರಿ ಮುಗಿಸಿ ಕ್ಲಬ್ಬಿಗೆ ಹೋಗುವ ಹಿರಿಯರಾಗಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಒಳ್ಳೆಯ ಬ್ಯಾಟ್ ಯಾವುದು?’ ಎಲ್ಲರಿಗೂ ಒಳ್ಳೆಯದಾದ ಬ್ಯಾಟ್ ಎಂಬುದಿಲ್ಲ. ‘ನನ್ನ ಆಟಕ್ಕೆ ಹೊಂದುವ ಬ್ಯಾಟ್ ಯಾವುದು?’ ಎಂದು ಕೇಳಿಕೊಂಡಾಗ ಮಾತ್ರ ಸರಿಯಾದ ಉತ್ತರ ದೊರೆತೀತು.

ತಪ್ಪು ಆಯ್ಕೆಯಿಂದ ಹಣವಷ್ಟೇ ಪೋಲಾಗುವುದಿಲ್ಲ. ಅತಿ ವೇಗದ ಬ್ಯಾಟ್ ಹಿಡಿದ ಕಲಿಕೆಯ ಹುಡುಗ, ಚೆಂಡು ಮೇಜು ದಾಟಿ ಹೋದೀತೆಂಬ ಭಯದಿಂದ ತೋಳನ್ನು ಪೂರ್ತಿ ಬೀಸುವುದನ್ನೇ ಬಿಡುತ್ತಾನೆ. ಅರ್ಧಕ್ಕೇ ನಿಲ್ಲುವ ಹೊಡೆತ ಒಮ್ಮೆ ರೂಢಿಯಾಯಿತೆಂದರೆ ಅದನ್ನು ತಿದ್ದಲು ವರ್ಷಗಳೇ ಬೇಕು. ಬ್ಲೇಡ್, ರಬ್ಬರ್‌ಗಳನ್ನು ಹಿಡಿದು, ಆಡಿ ನೋಡಿ ಕೊಳ್ಳುವ ಅನುಕೂಲ ದೊಡ್ಡ ನಗರಗಳಲ್ಲೇ ಹೆಚ್ಚು. ತಾಲ್ಲೂಕು ಕೇಂದ್ರದಲ್ಲಿ ಕುಳಿತು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರಿಗೆ ಈ ತಿಳಿವಳಿಕೆ ಇನ್ನೂ ಅಗತ್ಯ.

ಮೂರು ವಸ್ತುಗಳ ಜೋಡಣೆ

ಹಿಡಿಯೊಂದಿಗೆ ಕೂಡಿದ ಮರದ ಹಲಗೆಯೇ ಬ್ಲೇಡ್. ಅದರ ಮುಖಕ್ಕೆ ಅಂಟಿಸುವುದು ರಬ್ಬರ್ ಹಾಳೆ. ಇವೆರಡರ ನಡುವೆ ಇರುವ ಮೆತ್ತನೆಯ ಪದರ ಸ್ಪಾಂಜ್. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಯಾಟ್‌ನಲ್ಲಿ ಈ ಮೂರನ್ನೂ ಕಾರ್ಖಾನೆಯಲ್ಲೇ ಅಂಟಿಸಿರುತ್ತಾರೆ. ಮೊದಲ ಕೆಲವು ತಿಂಗಳ ಕಲಿಕೆಗೆ ಅದು ಸಾಕು. ವಾರಕ್ಕೆ ಮೂರು ನಾಲ್ಕು ದಿನ ಆಡುವ ಹಂತಕ್ಕೆ ಬಂದವರು ಬ್ಲೇಡ್ ಮತ್ತು ರಬ್ಬರ್‌ಗಳನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಳ್ಳುವುದು ಲೇಸು. ರಬ್ಬರ್ ಸವೆದಾಗ ಅದನ್ನಷ್ಟೇ ಬದಲಿಸಬಹುದು. ಬ್ಲೇಡ್ ಹಲವು ವರ್ಷ ಬಾಳುತ್ತದೆ.

ಮೊದಲು ನಿಮ್ಮ ಆಟ ಯಾವುದು?

ಕೊಳ್ಳುವ ಮೊದಲು ನಿಮ್ಮ ಆಟವನ್ನು ನೀವೇ ಪರೀಕ್ಷಿಸಿ. ಹಿಂದಿನ ಎರಡು ಮೂರು ಪಂದ್ಯಗಳಲ್ಲಿ ಅಂಕ ಗಳಿಸಿದ್ದು ಹೇಗೆ, ಕಳೆದುಕೊಂಡಿದ್ದು ಹೇಗೆ ಎಂದು ನೆನಪಿಸಿಕೊಳ್ಳಿ. ಚೆಂಡಿಗೆ ಮೇಲ್ಮುಖವಾಗಿ ಸ್ಪಿನ್ ಕೊಟ್ಟು, ಅಂದರೆ ಟಾಪ್‌ಸ್ಪಿನ್ ಹೊಡೆದು ಅಂಕ ಗಳಿಸುವವರು ಒಂದು ವರ್ಗ. ಮೇಜಿಗೆ ಅಂಟಿ ನಿಂತು ಎದುರಾಳಿಯ ವೇಗವನ್ನೇ ಬಳಸಿ ಬ್ಲಾಕ್ ಮಾಡುವವರು, ಚೆಂಡು ಎದ್ದೊಡನೆ ಚಪ್ಪಟೆಯಾಗಿ ಬಾರಿಸುವವರು ಇನ್ನೊಂದು ವರ್ಗ. ಮೇಜಿನಿಂದ ದೂರ ಸರಿದು, ಚೆಂಡನ್ನು ಕೆಳಮುಖವಾಗಿ ಕತ್ತರಿಸಿ ಹಿಂದಿರುಗಿಸುವ ರಕ್ಷಣಾತ್ಮಕ ಆಟಗಾರರು ಮೂರನೆಯವರು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಆಡುವವರೇ ಬಹುಸಂಖ್ಯಾತರು.

ಯಾವ ಹೊಡೆತ ಇಷ್ಟ ಎಂಬುದಕ್ಕಿಂತ ಹತ್ತರಲ್ಲಿ ಎಂಟು ಬಾರಿ ಯಾವ ಹೊಡೆತ ಮೇಜಿನ ಮೇಲೆ ಬೀಳುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಳ್ಳುವುದು ವಿವೇಕ.

ಬ್ಲೇಡ್: ಮರದ ಗುಣವೇ ಆಟದ ಗುಣ

ಮರದ ಗುಣ ಮಲೆನಾಡಿನವರಿಗೆ ಹೊಸದೇನಲ್ಲ. ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ತೊಲೆಗೆ ಒಂದು ಮರ, ತೊಟ್ಟಿಲಿಗೆ ಇನ್ನೊಂದು ಎಂಬುದು ಇಲ್ಲಿನ ಬಡಗಿಗಳಿಗೆ ಗೊತ್ತು. ಬ್ಲೇಡ್ ತಯಾರಿಕೆಯ ತತ್ತ್ವವೂ ಇದೇ.

ಚೆಂಡು ಬ್ಯಾಟನ್ನು ಮುಟ್ಟಿ ಹೊರಡುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು. ಮರ ಮೆದುವಾಗಿದ್ದು ತುಸು ಬಾಗುವಂತಿದ್ದರೆ ಚೆಂಡು ಕೊಂಚ ಹೆಚ್ಚು ಹೊತ್ತು ನಿಂತಂತೆ ಕೈಗೆ ಅನುಭವವಾಗುತ್ತದೆ. ಹಿಡಿತ ಹೆಚ್ಚು, ವೇಗ ಕಡಿಮೆ. ಹೊರಪದರ ಗಟ್ಟಿಯಾಗಿದ್ದರೆ ಚೆಂಡು ಥಟ್ಟನೆ ಸಿಡಿಯುತ್ತದೆ. ಆಫ್ರಿಕಾದ ಲಿಂಬಾ, ಅಯೂಸ್ ಮರಗಳು ಸಾಧಾರಣ ವೇಗದ ಬ್ಲೇಡ್‌ಗಳಲ್ಲಿ ಸಾಮಾನ್ಯ. ಕೋಟೊ ಮರದ ಹೊರಪದರ ಗಟ್ಟಿ. ಜಪಾನಿನ ಹಿನೋಕಿ ವೇಗವಿದ್ದೂ ಮೃದು. ನಮ್ಮ ಬೀಟೆಯ ಬಳಗಕ್ಕೆ ಸೇರಿದ ರೋಸ್‌ವುಡ್ ಭಾರವೂ ಹೌದು, ಗಡುಸೂ ಹೌದು. ಅದನ್ನು ತೆಳುವಾದ ಹೊರಪದರವಾಗಿ ಬಳಸಿದ ವೇಗದ ಬ್ಲೇಡ್‌ಗಳಿವೆ.

ಒಂದೇ ಹಲಗೆಯನ್ನು ಕಡಿದು ಬ್ಯಾಟ್ ಮಾಡಿದರೆ ಅದು ಭಾರವಾಗುವುದಲ್ಲದೆ ಹವೆಗೆ ಸೊಟ್ಟಗಾಗುವ ಸಂಭವವೂ ಹೆಚ್ಚು. ಆದ್ದರಿಂದಲೇ ತೆಳು ಪದರಗಳನ್ನು, ಎಳೆ ಅಡ್ಡಡ್ಡ ಬರುವಂತೆ ಕೂಡಿಸಿ ಅಂಟಿಸುವ ಕ್ರಮ ಬಳಕೆಗೆ ಬಂತು. ಸಾಮಾನ್ಯವಾಗಿ 5 ಪದರಗಳ ಬ್ಲೇಡ್‌ನಲ್ಲಿ ನಿಯಂತ್ರಣ ಹೆಚ್ಚು. 7 ಪದರಗಳದ್ದು ಬಿಗಿ ಮತ್ತು ವೇಗ. ಅಂತಾರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್ ನಿಯಮದಂತೆ ಬ್ಲೇಡ್‌ನ ದಪ್ಪದಲ್ಲಿ ಕನಿಷ್ಠ ಶೇ. 85ರಷ್ಟು ನೈಸರ್ಗಿಕ ಮರವಿರಬೇಕು. ಉಳಿದ ಅಲ್ಪಭಾಗದಲ್ಲಿ ಕಾರ್ಬನ್ ಮುಂತಾದ ನಾರಿನ ಪದರ ಸೇರಿಸಲು ಅವಕಾಶವಿದೆ. ಕಾರ್ಬನ್ ಸೇರಿದಾಗ ವೇಗ ಏರುತ್ತದೆ, ಬ್ಯಾಟ್‌ನ ಅಂಚಿನ ಬಳಿ ತಗುಲಿದ ಚೆಂಡೂ ಹೆಚ್ಚು ಬಲ ಕಳೆದುಕೊಳ್ಳುವುದಿಲ್ಲ. ಆದರೆ ಹೊಡೆತದ ಲೋಪವೂ ಅಷ್ಟೇ ವೇಗವಾಗಿ ಮೇಜಿನ ಹೊರಗೆ ಬೀಳುತ್ತದೆ.

ಬ್ಲೇಡ್‌ಗಳ ಮೇಲೆ ‘ಡೆಫ್’, ‘ಆಲ್’, ‘ಆಫ್’ ಎಂಬ ಗುರುತುಗಳಿರುತ್ತವೆ. ಕ್ರಮವಾಗಿ ರಕ್ಷಣೆ, ಸರ್ವವಿಧ, ಆಕ್ರಮಣ ಎಂದು ಅರ್ಥ. ಆದರೆ ಒಂದು ಕಂಪನಿಯ ‘ಆಲ್’ ಇನ್ನೊಂದರ ‘ಆಫ್’ಗೆ ಸಮೀಪವಿದ್ದೀತು. ತೂಕವನ್ನೂ ಗಮನಿಸಿ. 80ರಿಂದ 90 ಗ್ರಾಂ ಬ್ಲೇಡ್‌ಗೆ ಎರಡು ರಬ್ಬರ್ ಸೇರಿದರೆ ಒಟ್ಟು 170ರಿಂದ 190 ಗ್ರಾಂ ಆಗುತ್ತದೆ. ಎಳೆಯ ಮಕ್ಕಳ ಮಣಿಕಟ್ಟಿಗೆ ಇದಕ್ಕಿಂತ ಹಗುರವೇ ಹಿತ.

ರಬ್ಬರ್: ಹಿಡಿತ, ದಪ್ಪ, ಗಡಸು

ರಬ್ಬರ್ ಹಾಳೆಯ ಒಂದು ಮುಖ ನುಣುಪು, ಇನ್ನೊಂದು ಮುಖದಲ್ಲಿ ಪಿಂಪಲ್ ಎಂದು ಕರೆಯುವ ಸಣ್ಣ ಗುಬುಟುಗಳು. ನುಣುಪು ಮುಖ ಹೊರಗಿರುವಂತೆ ಅಂಟಿಸಿದ ರಬ್ಬರೇ ಇಂದು ಬಹುತೇಕರ ಆಯ್ಕೆ. ಇದರಲ್ಲೂ ಎರಡು ಬಗೆ. ಚೀನಾ ಮಾದರಿಯ ರಬ್ಬರ್ ಮುಟ್ಟಿದರೆ ಅಂಟಂಟು. ಸರ್ವ್, ಪುಷ್ ಮತ್ತು ನಿಧಾನವಾದ ಟಾಪ್‌ಸ್ಪಿನ್‌ಗೆ ಅನುಕೂಲ, ಆದರೆ ವೇಗಕ್ಕೆ ತೋಳಿನ ಬಲ ಬೇಕು. ಜಪಾನ್, ಜರ್ಮನಿ ಮಾದರಿಯದ್ದು ಅಂಟಿಲ್ಲದೆ ಹಿಡಿಯುತ್ತದೆ, ಚಿಮ್ಮುವ ಗುಣ ಅದಕ್ಕೆ ಹೆಚ್ಚು.

ಸ್ಪಾಂಜ್ ದಪ್ಪವಾದಷ್ಟೂ ವೇಗ ಮತ್ತು ಸ್ಪಿನ್ ಹೆಚ್ಚುತ್ತವೆ, ನಿಯಂತ್ರಣ ತಗ್ಗುತ್ತದೆ. ಕಲಿಯುವವರಿಗೆ 1.5ರಿಂದ 1.8 ಮಿ.ಮೀ., ಹೊಡೆತ ಪಳಗಿದವರಿಗೆ 2.0 ಮಿ.ಮೀ. ಅಥವಾ ಅದಕ್ಕೂ ಮೇಲೆ ಎಂಬುದು ಸ್ಥೂಲ ಸೂತ್ರ. ಸ್ಪಾಂಜ್, ರಬ್ಬರ್, ಅಂಟು ಎಲ್ಲವೂ ಸೇರಿ 4.0 ಮಿ.ಮೀ. ಮೀರುವಂತಿಲ್ಲ. ಗಡಸುತನವನ್ನು ಡಿಗ್ರಿಯಲ್ಲಿ ಸೂಚಿಸುತ್ತಾರೆ. ಚೀನಾದ ಅಳತೆ ಬೇರೆ, ಜರ್ಮನಿಯ ಅಳತೆ ಬೇರೆ. ಚೀನಾದ ರಬ್ಬರ್‌ನ 40 ಡಿಗ್ರಿಯನ್ನು ಜರ್ಮನಿಯ 40 ಡಿಗ್ರಿಯಂತೆ ಮೆದು ಎಂದು ಭಾವಿಸಿ ಕೊಂಡವರು ಕಲ್ಲಿನಂಥ ಬ್ಯಾಟ್ ಹಿಡಿಯಬೇಕಾದೀತು.

ಪಿಂಪಲ್ ರಬ್ಬರ್ ಯಾರಿಗೆ?

ಗಿಡ್ಡ ಪಿಂಪಲ್ ಹೊರಗಿರುವ ರಬ್ಬರ್‌ಗೆ ಎದುರಾಳಿಯ ಸ್ಪಿನ್ ಅಷ್ಟಾಗಿ ತಟ್ಟದು. ಮೇಜಿನ ಬಳಿ ನಿಂತು ಚಪ್ಪಟೆಯಾಗಿ ಬಾರಿಸುವವರಿಗೆ ಅದು ತಕ್ಕದ್ದು. ಉದ್ದ ಪಿಂಪಲ್‌ನ ಕೆಲಸವೇ ಬೇರೆ. ಅದು ಎದುರಾಳಿ ಕೊಟ್ಟ ಸ್ಪಿನ್ ಅನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುತ್ತದೆ. ಚೆಂಡಿನ ದಿಕ್ಕು ಮಾತ್ರ ತಿರುಗುವುದರಿಂದ ಅವರು ಕಳುಹಿಸಿದ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ ಆಗಿ ಮರಳುತ್ತದೆ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ (2024) ಬೆಂಗಳೂರಿನ ಅರ್ಚನಾ ಕಾಮತ್ ಅವರೊಂದಿಗೆ ಭಾರತ ಮಹಿಳಾ ತಂಡದಲ್ಲಿದ್ದು, ತಂಡ ಕ್ವಾರ್ಟರ್ ಫೈನಲ್ ತಲುಪಲು ನೆರವಾದ ಮಣಿಕಾ ಬಾತ್ರಾ, ಬ್ಯಾಕ್‌ಹ್ಯಾಂಡ್‌ಗೆ ಉದ್ದ ಪಿಂಪಲ್ ಬಳಸುವ ಆಟಗಾರ್ತಿ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳಾ ಸಿಂಗಲ್ಸ್ ಚಿನ್ನ ಅವರದಾಯಿತು. 2003ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ದಕ್ಷಿಣ ಕೊರಿಯಾದ ಜೂ ಸೆ-ಹ್ಯುಕ್ ಅದೇ ಬಗೆಯ ರಬ್ಬರನ್ನು ದೂರದ ರಕ್ಷಣೆಗೆ ಬಳಸಿದವರು. ಒಂದೇ ವಸ್ತು, ಎರಡು ಆಟ.

ಹೊಸ ಬ್ಯಾಟ್ ಎದುರಾಳಿಯನ್ನು ತಬ್ಬಿಬ್ಬು ಮಾಡಿದ ಅತಿ ಪ್ರಸಿದ್ಧ ಘಟನೆ ನಡೆದದ್ದು ನಮ್ಮ ದೇಶದಲ್ಲೇ. 1952ರಲ್ಲಿ ಮುಂಬಯಿಯಲ್ಲಿ ಜರುಗಿದ ವಿಶ್ವ ಚಾಂಪಿಯನ್‌ಷಿಪ್‌ಗೆ ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಾಂಜ್‌ನ ಬ್ಯಾಟ್ ತಂದರು. ಚೆಂಡು ತಗುಲಿದ ಸದ್ದು ಕೇಳಿಸದೆ ಎದುರಾಳಿಗಳು ಕಂಗೆಟ್ಟರು. ಸಿಂಗಲ್ಸ್ ಪ್ರಶಸ್ತಿ ಸಾತೊ ಪಾಲಾಯಿತು. ಬಳಿಕ 1959ರಲ್ಲಿ ಬ್ಯಾಟ್‌ನ ಪದರಗಳ ದಪ್ಪಕ್ಕೆ ಮಿತಿ ಬಂತು. ಅಚ್ಚರಿಯ ಗೆಲುವು ಹೆಚ್ಚು ಕಾಲ ನಿಲ್ಲದು. ಆದ್ದರಿಂದ ಮಕ್ಕಳಿಗೆ ಮೊದಲು ಎರಡೂ ಬದಿ ನುಣುಪು ರಬ್ಬರ್ ಕೊಟ್ಟು ಹೊಡೆತ ಕಲಿಸಿ, ಪಿಂಪಲ್ ವಿಚಾರವನ್ನು ತರಬೇತುದಾರರ ಸಲಹೆಯಂತೆ ಆನಂತರ ನಿರ್ಧರಿಸುವುದು ಕ್ಷೇಮ.

ಯಾರಿಗೆ ಯಾವ ಜೋಡಿ?

ಕಲಿಯುವವರು: 5 ಪದರಗಳ ‘ಆಲ್’ ಬ್ಲೇಡ್, ಎರಡೂ ಬದಿಗೆ 1.5ರಿಂದ 1.8 ಮಿ.ಮೀ. ಸ್ಪಾಂಜ್‌ನ ಮಧ್ಯಮ ವೇಗದ ರಬ್ಬರ್.

ಟಾಪ್‌ಸ್ಪಿನ್ ಆಟಗಾರರು: ತುಸು ಬಾಗುವ 5 ಪದರಗಳ ವೇಗದ ಬ್ಲೇಡ್, ಫೋರ್‌ಹ್ಯಾಂಡ್‌ಗೆ 2.0 ಮಿ.ಮೀ., ಬ್ಯಾಕ್‌ಹ್ಯಾಂಡ್‌ಗೆ ಅದಕ್ಕಿಂತ ಮೆದುವಾದ ಸ್ಪಾಂಜ್.

ಮೇಜಿನ ಬಳಿ ಬ್ಲಾಕ್ ಮಾಡಿ ಬಾರಿಸುವವರು: ಬಿಗಿಯಾದ 7 ಪದರಗಳ ಬ್ಲೇಡ್, ಒಂದು ಬದಿಗೆ ಗಿಡ್ಡ ಪಿಂಪಲ್ ಇದ್ದರೂ ಸರಿ.

ರಕ್ಷಣಾತ್ಮಕ ಆಟಗಾರರು: ನಿಧಾನವಾದ, ಅಗಲ ಮುಖದ ‘ಡೆಫ್’ ಬ್ಲೇಡ್, ಬ್ಯಾಕ್‌ಹ್ಯಾಂಡ್‌ಗೆ ತೆಳು ಸ್ಪಾಂಜ್‌ನ ಉದ್ದ ಪಿಂಪಲ್, ಫೋರ್‌ಹ್ಯಾಂಡ್‌ಗೆ ಹಿಡಿತವುಳ್ಳ ನುಣುಪು ರಬ್ಬರ್.

ಸ್ಪರ್ಧೆಗೆ ಹೋಗುವವರು ರಬ್ಬರ್ ಮೇಲೆ ಅಂತಾರಾಷ್ಟ್ರೀಯ ಫೆಡರೇಷನ್‌ನ ಮಾನ್ಯತೆಯ ಗುರುತಿದೆಯೇ ಎಂದು ನೋಡಬೇಕು. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿಗೆ ಕೆಂಪಲ್ಲದೆ ನೀಲಿ, ಹಸಿರು, ಗುಲಾಬಿ, ನೇರಳೆ ಬಣ್ಣಗಳಿಗೂ 2021ರ ಅಕ್ಟೋಬರ್‌ನಿಂದ ಅವಕಾಶವಿದೆ.

ಮಳೆನಾಡಿನ ಎಚ್ಚರ

ಮಲೆನಾಡಿನಲ್ಲಿ ಆಡುವವರಿಗೆ ಇನ್ನೊಂದು ಎದುರಾಳಿಯುಂಟು; ಅದು ತೇವ. ಗಾಳಿಯ ಪಸೆ ರಬ್ಬರ್ ಮತ್ತು ಚೆಂಡಿನ ಮೇಲೆ ತೆಳುವಾಗಿ ಕೂರುತ್ತದೆ. ಆಗ ಹಿಡಿಯಬೇಕಾದ ಚೆಂಡು ಜಾರಿ ನೆಟ್‌ಗೆ ಬೀಳುತ್ತದೆ. ಮೇಲ್ಮೈ ಹಿಡಿತವನ್ನೇ ನೆಚ್ಚಿದ ನುಣುಪು ರಬ್ಬರ್‌ಗೆ ಈ ತೊಂದರೆ ಹೆಚ್ಚು, ಗಿಡ್ಡ ಪಿಂಪಲ್‌ಗೆ ಕಡಿಮೆ. ಜುಲೈನಲ್ಲಿ ಆಟ ಕೆಟ್ಟಿತೆಂದು ಅವಸರದಿಂದ ರಬ್ಬರ್ ಬದಲಿಸಬೇಡಿ. ಒಣ ಹತ್ತಿ ಬಟ್ಟೆಯೊಂದನ್ನು ಜತೆಗಿಟ್ಟುಕೊಂಡು ಬಿಡುವು ಸಿಕ್ಕಾಗಲೆಲ್ಲ ಚೆಂಡು, ಬ್ಯಾಟ್ ಒರೆಸಿಕೊಳ್ಳಿ. ಆಟ ಮುಗಿದ ಮೇಲೆ ರಬ್ಬರನ್ನು ಒದ್ದೆ ಸ್ಪಾಂಜಿನಿಂದ ಒರೆಸಿ, ಪೂರ್ತಿ ಆರಿದ ಬಳಿಕ ಪ್ಲಾಸ್ಟಿಕ್ ಹಾಳೆ ಮುಚ್ಚಿ ಚೀಲದಲ್ಲಿಡಿ. ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಬಳಿ ಇಟ್ಟರೆ ರಬ್ಬರ್ ಬಿರುಸಾಗಿ ಬಿರಿಯುತ್ತದೆ.

ಹೊಸ ಬ್ಲೇಡ್‌ಗೆ ರಬ್ಬರ್ ಅಂಟಿಸುವ ಮೊದಲು ತೀರಾ ತೆಳುವಾಗಿ ಒಂದು ಕೈ ವಾರ್ನಿಷ್ ಬಳಿದರೆ ಮರ ತೇವ ಹೀರುವುದು ತಗ್ಗುತ್ತದೆ, ಮುಂದೆ ರಬ್ಬರ್ ಕೀಳುವಾಗ ಸಿಬಿರೂ ಏಳದು. ಆವಿಯಾಗುವ ದ್ರಾವಕಗಳಿದ್ದ ವೇಗದ ಅಂಟಿಗೆ 2008ರಲ್ಲಿ ನಿಷೇಧ ಬಂದ ಮೇಲೆ ನೀರು ಆಧಾರಿತ ಅಂಟೇ ಬಳಕೆಯಲ್ಲಿದೆ. ಬಿಳಿಯಾಗಿರುವ ಆ ಅಂಟು ಆರಿ ಪಾರದರ್ಶಕವಾದ ಮೇಲೆಯೇ ರಬ್ಬರ್ ಕೂಡಿಸಬೇಕು. ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಅವಸರಪಟ್ಟರೆ ಒಳಗೆ ಗುಳ್ಳೆ ಉಳಿಯುತ್ತದೆ.

ಬದಲಾವಣೆ ಒಂದೊಂದಾಗಿ

ಬ್ಲೇಡ್ ಮತ್ತು ಎರಡು ರಬ್ಬರ್‌ಗಳನ್ನು ಒಮ್ಮೆಗೇ ಬದಲಿಸಿದರೆ ಆಟದಲ್ಲಾದ ವ್ಯತ್ಯಾಸ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ಕನಿಷ್ಠ ನಾಲ್ಕಾರು ವಾರ ಆಡಿ, ಆಮೇಲೆ ಮುಂದಿನದನ್ನು ಯೋಚಿಸಿ. ರಬ್ಬರ್ ಸವೆದಿದೆಯೇ ಎಂದು ನೋಡಲು ಚೆಂಡನ್ನು ಅದರ ಮೇಲೆ ಮೆಲ್ಲಗೆ ಒತ್ತಿ ಎಳೆಯಿರಿ. ಒಣಗಿದ, ಶುಚಿಯಾದ ರಬ್ಬರ್ ಮೇಲೂ ಚೆಂಡು ಸುಮ್ಮನೆ ಜಾರಿದರೆ ಅದರ ಕಾಲ ಮುಗಿದಿದೆ.

ಅತಿ ದುಬಾರಿ ರಬ್ಬರಿನ ಎರಡು ಹಾಳೆಗಳ ಬೆಲೆಯಲ್ಲಿ ಉತ್ತಮವಾದ ಸಾಧಾರಣ ಬ್ಯಾಟ್ ಒಂದು ಪೂರ್ತಿ ಸಿದ್ಧವಾಗುತ್ತದೆ. ಉಳಿದ ಹಣ ಚೆಂಡುಗಳಿಗೂ ತರಬೇತಿಗೂ ಸಂದರೆ ಮಗುವಿನ ಆಟ ಬೆಳೆಯುವುದು ಹೆಚ್ಚು ಖಚಿತ. ವೇಗದ ಬ್ಯಾಟ್ ಕೊಳ್ಳಲು ಮುಂದೆಯೂ ಅವಕಾಶವಿದೆ. ಪೂರ್ತಿ ಬೀಸಿ ಹೊಡೆಯುವ ಧೈರ್ಯವನ್ನು ಕಲಿಯುವ ವಯಸ್ಸು ಮಾತ್ರ ಮರಳಿ ಬರುವುದಿಲ್ಲ.