ಒಂದು ಗಣಕ, ಹಲವು ಆವೃತ್ತಿಗಳು

ಚಾಮರಾಜನಗರದಿಂದ ಪಶ್ಚಿಮಕ್ಕೆ ಹೊರಟ ಪ್ರಯಾಣಿಕನು ಗುಂಡ್ಲುಪೇಟೆಯನ್ನು ತಲುಪಿದಾಗ ಹಾದಿಗಳು ಕವಲೊಡೆಯುತ್ತವೆ. ಒಂದು ಹಾದಿ ಬಂಡೀಪುರದ ಕಾಡನ್ನು ಹಾದು ಉದಕಮಂಡಲದತ್ತ ಏರುತ್ತದೆ. ಇನ್ನೊಂದು ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ವಯನಾಡಿಗೆ ಸಾಗುತ್ತದೆ. ಮತ್ತೊಂದು ನಂಜನಗೂಡು, ಮೈಸೂರುಗಳ ಕಡೆಗೆ ಹೊರಳುತ್ತದೆ. ಕವಲಿನಲ್ಲಿ ತಪ್ಪಾಗಿ ತಿರುಗಿದವನು ಎಷ್ಟು ವೇಗವಾಗಿ ನಡೆದರೂ ತನ್ನ ಊರನ್ನು ಸೇರಲಾರನು. ಗಣಕಯಂತ್ರದ ಒಳಗೂ ಇಂತಹ ಕವಲುಗಳುಂಟು.

ಗಣಕಕ್ಕೆ ಕೆಲಸವನ್ನು ವಿಧಿಸುವ ಸೂಚನೆಗಳ ಸಮೂಹಕ್ಕೆ ಕ್ರಮವಿಧಿ ಎಂದು ಹೆಸರು. ಅದನ್ನು ಬರೆಯಲು ಬಳಸುವ ಭಾಷೆಗಳೂ ನಮ್ಮ ನುಡಿಯಂತೆ ಕಾಲಕಾಲಕ್ಕೆ ಮಾರ್ಪಡುತ್ತವೆ. ಇಂತಹ ಒಂದೊಂದು ರೂಪವೂ ಒಂದೊಂದು ಆವೃತ್ತಿ. ನೆದರ್‌ಲ್ಯಾಂಡ್ಸಿನ ಗೀಡೊ ವಾನ್ ರಾಸಮ್ ಅವರು ರೂಪಿಸಿದ ಪೈಥಾನ್ ಭಾಷೆ 1991ರಲ್ಲಿ ಬೆಳಕಿಗೆ ಬಂದಿತು. ಅದರ ಎರಡನೆಯ ಆವೃತ್ತಿ 2000ದಲ್ಲಿಯೂ, ಮೂರನೆಯದು 2008ರಲ್ಲಿಯೂ ಹೊರಬಂದವು. ಹಳೆಯ ದೋಷಗಳನ್ನು ತಿದ್ದುವ ಸಲುವಾಗಿ ಮೂರನೆಯ ಆವೃತ್ತಿಯಲ್ಲಿ ಕೆಲವು ನಿಯಮಗಳನ್ನೇ ಬದಲಿಸಲಾಯಿತು. ಆದುದರಿಂದ ಒಂದಕ್ಕಾಗಿ ಬರೆದ ಕ್ರಮವಿಧಿ ಇನ್ನೊಂದರಲ್ಲಿ ಸರಿಯಾಗಿ ನಡೆಯುವುದೆಂಬ ಭರವಸೆ ಉಳಿಯಲಿಲ್ಲ.

ಇದರ ಪರಿಣಾಮವೇನು? ಇಬ್ಬರು ಸೋದರರು ಬೆಳೆದ 7 ಕ್ವಿಂಟಲ್ ಅರಿಸಿನವನ್ನು ಸಮನಾಗಿ ಹಂಚಬೇಕೆಂದು ಭಾವಿಸೋಣ. 7ನ್ನು 2ರಿಂದ ಭಾಗಿಸೆಂದರೆ ಮೂರನೆಯ ಆವೃತ್ತಿ 3.5 ಎಂದು ಉತ್ತರಿಸುತ್ತದೆ. ಎರಡನೆಯದು ಭಿನ್ನರಾಶಿಯನ್ನು ಕೈಬಿಟ್ಟು 3 ಎನ್ನುತ್ತದೆ. ಒಟ್ಟಿನಲ್ಲಿ ಒಂದು ಕ್ವಿಂಟಲ್ ಲೆಕ್ಕದಿಂದಲೇ ಕಾಣೆಯಾಗುತ್ತದೆ. ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ಕೆಲಸವನ್ನು ನಿಲ್ಲಿಸುವ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ; ಮೌನವಾಗಿ ಉಳಿಯುವ ತಪ್ಪು ಅದಕ್ಕಿಂತಲೂ ಅಪಾಯಕರ.

ಕನ್ನಡದ ಬರಹದಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ‘ಗುಂಡ್ಲುಪೇಟೆ’ ಎಂಬ ಹೆಸರಿನ ಉದ್ದವನ್ನು ಕೇಳಿದರೆ, ಯುಟಿಎಫ್-8 ಸಂಕೇತದಲ್ಲಿರುವ ಸಾಧಾರಣ ಬರಹಕ್ಕೆ ಎರಡನೆಯ ಆವೃತ್ತಿ 33 ಎನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಮೊದಲಾದವುಗಳಿಗೆ ಕೊಟ್ಟ ಯೂನಿಕೋಡ್ ಸಂಕೇತಗಳನ್ನು ಎಣಿಸಿ ಮೂರನೆಯದು 11 ಎನ್ನುತ್ತದೆ. ಓದುವ ಕಣ್ಣಿಗಾದರೋ ಅಲ್ಲಿರುವುದು ನಾಲ್ಕೇ ಅಕ್ಷರ.

ಹಾಗಾದರೆ ಹಳೆಯದನ್ನು ಅಳಿಸಿಬಿಡಬಾರದೇಕೆ? ಅರಿಕುಠಾರ ಎಂಬ ಊರು 1818ರಲ್ಲಿ ಚಾಮರಾಜನಗರವಾಯಿತು. ಆದರೆ ಹಳೆಯ ದಾಖಲೆಗಳನ್ನು ಓದುವವನಿಗೆ ಹಳೆಯ ಹೆಸರೂ ತಿಳಿದಿರಬೇಕು. ಅಂತೆಯೇ ಎರಡನೆಯ ಆವೃತ್ತಿಯ ಅಧಿಕೃತ ಪೋಷಣೆ 2020ರ ಜನವರಿ 1ರಂದು ಮುಗಿದರೂ ಅದರಲ್ಲಿ ಬರೆದ ಕ್ರಮವಿಧಿಗಳೆಲ್ಲವನ್ನೂ ಒಂದೇ ದಿನದಲ್ಲಿ ತಿದ್ದಿ ಬರೆಯಲಾಗದು. ಆದುದರಿಂದ ಒಂದೇ ಗಣಕದಲ್ಲಿ ಹಲವು ಆವೃತ್ತಿಗಳನ್ನು ಇರಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ಉಪಾಯವುಂಟು. ಪ್ರತಿಯೊಂದು ಆವೃತ್ತಿಯನ್ನೂ ಪ್ರತ್ಯೇಕ ಕೋಶದಲ್ಲಿ ಇಡಲಾಗುತ್ತದೆ. ‘ಪೈಥಾನ್’ ಎಂದು ಕರೆದಾಗ ಗಣಕವು ‘ಪಾತ್’ ಎಂಬ ಪಟ್ಟಿಯಲ್ಲಿರುವ ಕೋಶಗಳನ್ನು ಕ್ರಮವಾಗಿ ಹುಡುಕಿ, ಮೊದಲು ದೊರೆತುದನ್ನೇ ನಡೆಸುತ್ತದೆ. ಪೈಎನ್ವ್ ಎಂಬ ತಂತ್ರಾಂಶವು ಈ ಪಟ್ಟಿಯ ಮುಂಭಾಗದಲ್ಲಿ ತನ್ನ ಪ್ರತಿನಿಧಿಯನ್ನು ನಿಲ್ಲಿಸುತ್ತದೆ. ಬೇರೆ ಆದೇಶವಿಲ್ಲದಿದ್ದರೆ ಆ ಪ್ರತಿನಿಧಿಯು ಕೆಲಸದ ಕೋಶದಲ್ಲಿ ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟ ಚಿಕ್ಕ ಕಡತವನ್ನು ಓದಿ, ಅದರಂತೆ ತಕ್ಕ ಆವೃತ್ತಿಗೆ ದಾರಿ ತೋರುತ್ತದೆ; ಅಲ್ಲಿ ಇಲ್ಲದಿದ್ದರೆ ಮೇಲಿನ ಕೋಶಗಳಲ್ಲಿ ಹುಡುಕುತ್ತದೆ. ಕವಲುದಾರಿಯ ಕೈಮರ ಮಾಡುವ ಕೆಲಸವೂ ಇದೇ ಅಲ್ಲವೆ?

ಕ್ರಮವಿಧಿಗೆ ನೆರವಾಗುವ ಸಿದ್ಧ ಸಾಮಗ್ರಿಗಳಿಗೂ ಆವೃತ್ತಿಗಳಿವೆ. ಅವು ಒಂದರೊಡನೊಂದು ಬೆರೆಯದಂತೆ ಕೆಲಸಕ್ಕೊಂದು ಆವರಣವನ್ನು ಕಟ್ಟಿಕೊಳ್ಳುವ ಸೌಕರ್ಯ 2012ರಲ್ಲಿ ಹೊರಬಂದ 3.3ನೆಯ ಆವೃತ್ತಿಯಿಂದ ಪೈಥಾನಿನಲ್ಲಿಯೇ ಒದಗಿತು.

ಯಂತ್ರವು ಹೇಳಿದುದನ್ನು ಚಾಚೂ ತಪ್ಪದೆ ಮಾಡುತ್ತದೆ. ಹೇಳದೆ ಉಳಿದುದನ್ನು ಊಹಿಸಲಾರದು. ಯಾವ ಕೆಲಸಕ್ಕೆ ಯಾವ ಆವೃತ್ತಿ ಎಂಬುದನ್ನು ಮೊದಲೇ ಬರೆದಿಡುವುದು ಚಿಕ್ಕ ಕೆಲಸವೇ ಸರಿ. ಆದರೆ ಸೋದರರ ಆ ಒಂದು ಕ್ವಿಂಟಲ್ ಅರಿಸಿನವನ್ನು ಕಾಯುವುದು ಅದೇ ಚಿಕ್ಕ ಬರಹ.